ಆಕ್ಸಿಮೀಟರ್ 86 ಅನ್ನುತ್ತದೆ, ಮೈ ಆರಾಮ ಅನ್ನುತ್ತದೆ: ಯಾಕೆ ಹೀಗೆ?

ಡೊಂಬಿವಲಿಯ ನಮ್ಮ ಸೊಸೈಟಿಯಿಂದ ಮೇ ರಜೆಯಲ್ಲಿ ಹನ್ನೊಂದು ಜನ ಲೇಹ್‌ಗೆ ಹೋದರು. ಮುಂಬಯಿಯಲ್ಲಿ ವಿಮಾನ ಹತ್ತಿ, ದಿಲ್ಲಿಯಲ್ಲಿ ಬದಲಿಸಿ, ಮಧ್ಯಾಹ್ನದೊಳಗೆ ಲೇಹ್. ಸಂಜೆ ಹೊತ್ತಿಗೆ ವಾಟ್ಸಾಪ್ ಗುಂಪಿಗೆ ನಮ್ಮ ಶೆಟ್ರ ಫೋಟೋ ಬಂತು. ಬೆರಳಿಗೆ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್, ಅದರಲ್ಲಿ 86. ಕೆಳಗೆ ಒಂದೇ ಪದ: "ಆರಾಮ."

ಕೊರೋನಾ ಕಾಲದಲ್ಲಿ 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡಿದವರು ನಾವೆಲ್ಲ. ಹಾಗಾಗಿ ಗುಂಪಿನಲ್ಲಿ ಗಲಾಟೆ ಶುರುವಾಯಿತು. ನನಗೆ ಫೋನ್ ಬಂತು. "ಮಿಷನ್ ಹಾಳಾಗಿದೆಯಾ ಮಾರಾಯ್ರೆ? ನನಗೇನೂ ಉಸಿರು ಕಟ್ಟುತ್ತಿಲ್ಲವಲ್ಲ!" ಮರುದಿನ ಬೆಳಿಗ್ಗೆ ಅವರ ಹೆಂಡತಿಯಿಂದ ಇನ್ನೊಂದು ಫೋನ್. "ರಾತ್ರಿ ಮಲಗಿದಾಗ ಇವರ ಉಸಿರು ನಿಂತೇ ಹೋದಂಗಾಯಿತು. ಹತ್ತು ಸೆಕೆಂಡ್ ಇಲ್ಲ. ಆಮೇಲೆ ಜೋರಾಗಿ ನಾಲ್ಕು ಉಸಿರು. ಮತ್ತೆ ಇಲ್ಲ. ನಾನು ನಿದ್ದೆನೇ ಮಾಡಲಿಲ್ಲ."

ಮಿಷನ್ ಹಾಳಾಗಿರಲಿಲ್ಲ. ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ. ನಮ್ಮ ದೇಹ ರಕ್ತದೊಳಗಿನ ರಾಸಾಯನಿಕ ಬದಲಾವಣೆಯನ್ನು ಹೇಗೆ ಕಂಡುಹಿಡಿಯುತ್ತದೆ ಅನ್ನುವುದರಲ್ಲಿ. ಫೋನಿನಲ್ಲಿ ಐದು ನಿಮಿಷಕ್ಕೆ ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಈ ಬರಹ.

ಮೊದಲು, ಗ್ರಾಹಕ ಅಂದರೆ ಯಾರು?

ಇಂಗ್ಲಿಷಿನ ರಿಸೆಪ್ಟರ್‌ಗೆ ಕನ್ನಡದ ಪಠ್ಯಪುಸ್ತಕಗಳು ಗ್ರಾಹಕ ಅನ್ನುತ್ತವೆ. ಮುಂಬಯಿಯಲ್ಲಿ ಗ್ರಾಹಕ ಅಂದ ಕೂಡಲೇ ಹೋಟೆಲಿಗೆ ಬರುವ ಗಿರಾಕಿ ನೆನಪಾಗುತ್ತಾನೆ. ಇಲ್ಲಿ ಆ ಗಿರಾಕಿ ಅಲ್ಲ. ನಾನು ರಿಸೆಪ್ಟರ್ ಅಂತಲೇ ಬರೆಯುತ್ತೇನೆ.

ರಿಸೆಪ್ಟರ್ ಅಂದರೆ ಜೀವಕೋಶದ ಮೇಲಿರುವ ಒಂದು ಪ್ರೋಟೀನ್. ಅದಕ್ಕೆ ಸರಿಹೊಂದುವ ವಸ್ತು ಬಂದು ತಗುಲಿದಾಗ ಕೋಶದೊಳಗೆ ಒಂದು ಸಣ್ಣ ಬದಲಾವಣೆ ಆಗುತ್ತದೆ. ಕೆಲವು ಕಡೆ ಇಡೀ ಕೋಶವನ್ನೇ, ಅಥವಾ ಕೋಶಗಳ ಗುಂಪನ್ನೇ ರಿಸೆಪ್ಟರ್ ಎಂದು ಕರೆಯುತ್ತಾರೆ. ರಾಸಾಯನಿಕ ಬದಲಾವಣೆಗೆ ಪ್ರತಿಕ್ರಿಯಿಸುವಂಥವು ಕೀಮೋರಿಸೆಪ್ಟರ್‌ಗಳು.

ನಮಗೆ ಚೆನ್ನಾಗಿ ಗೊತ್ತಿರುವ ಕೀಮೋರಿಸೆಪ್ಟರ್‌ಗಳು ಮೂಗಿನಲ್ಲಿ, ನಾಲಿಗೆಯಲ್ಲಿ ಇವೆ. ಮೂಗಿನಲ್ಲಿ ಸುಮಾರು 400 ಬಗೆ. ಈ ರಿಸೆಪ್ಟರ್‌ಗಳನ್ನು ಕಂಡುಹಿಡಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಅವರಿಗೆ 2004ರಲ್ಲಿ ನೊಬೆಲ್ ಬಂತು.

ರಿಸೆಪ್ಟರ್‌ಗಳ ಎರಡು ಸ್ವಭಾವಗಳನ್ನು ಮಾತ್ರ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತವೆ.

ಒಂದು, ಅವು ಹೊಸದಕ್ಕೆ ಜಾಸ್ತಿ ಕೂಗುತ್ತವೆ, ಹಳೆಯದಕ್ಕೆ ಸುಮ್ಮನಾಗುತ್ತವೆ. ಮಾಹಿಮ್ ಖಾಡಿ ದಾಟುವಾಗ ಲೋಕಲ್‌ನಲ್ಲಿ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಅಲ್ಲೇ ಖಾಡಿ ಪಕ್ಕದಲ್ಲಿ ಮನೆ ಮಾಡಿಕೊಂಡವರಿಗೆ ಕೇಳಿ ನೋಡಿ. "ಯಾವ ವಾಸನೆ?" ಅನ್ನುತ್ತಾರೆ.

ಎರಡು, ಅವು ಮೋಸಹೋಗುತ್ತವೆ. ಪುಣೆಯ ಮಿಸಳ್ ತಿಂದಾಗ ನಾಲಿಗೆ ಉರಿಯುತ್ತದೆ ಅಲ್ವಾ? ನಿಜದಲ್ಲಿ ಖಾರ ಒಂದು ರುಚಿಯೇ ಅಲ್ಲ. ಸುಮಾರು 43 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಎಚ್ಚರಗೊಳ್ಳುವ ಒಂದು ರಿಸೆಪ್ಟರ್‌ಗೆ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಅಂಟಿಕೊಳ್ಳುತ್ತದೆ. ಅದು "ಸುಡುತ್ತಿದೆ" ಎಂದು ಮೆದುಳಿಗೆ ವರದಿ ಕಳಿಸುತ್ತದೆ. ಸುಡುವಂಥದ್ದು ಅಲ್ಲಿ ಏನೂ ಇರುವುದಿಲ್ಲ. ಡೇವಿಡ್ ಜೂಲಿಯಸ್ 1997ರಲ್ಲಿ ಇದನ್ನು ಗುರುತಿಸಿದರು. 2021ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ಮೂಗು ನಾಲಿಗೆಗಳ ಸುದ್ದಿ ನಮಗೆ ಗೊತ್ತಾಗುತ್ತದೆ. ದೇಹದ ಒಳಗಿನ ಕೀಮೋರಿಸೆಪ್ಟರ್‌ಗಳು ಹಾಗಲ್ಲ. ಅವು ನಮ್ಮನ್ನು ಕೇಳುವುದೂ ಇಲ್ಲ, ನಮಗೆ ಹೇಳುವುದೂ ಇಲ್ಲ. ನೇರವಾಗಿ ಉಸಿರಾಟವನ್ನೇ ಬದಲಿಸಿಬಿಡುತ್ತವೆ.

ಗಲ್ಲಾದ ಮೇಲೆ ಕೂತು ಅಡುಗೆಮನೆ ನೋಡುವುದು

ಈಗ ಕೂತಲ್ಲೇ ಉಸಿರು ಹಿಡಿಯಿರಿ. ಮೂವತ್ತು ಸೆಕೆಂಡ್, ನಲವತ್ತು ಸೆಕೆಂಡ್. ಎದೆಯೊಳಗೆ ಒದ್ದಾಟ ಶುರುವಾಗುತ್ತದೆ. ಇನ್ನು ಆಗಲ್ಲ ಅನ್ನಿಸಿ ಬಿಡುತ್ತೀರಿ. ಆಕ್ಸಿಜನ್ ಮುಗಿದು ಹೀಗಾಯಿತು ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಆ ಹೊತ್ತಿಗೆ ಆಕ್ಸಿಮೀಟರ್ ಹಾಕಿ ನೋಡಿದರೆ ಆರೋಗ್ಯವಂತರಲ್ಲಿ ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಾಗಾದರೆ ಒದ್ದಾಡಿಸಿದ್ದು ಯಾರು?

ಕಾರ್ಬನ್ ಡೈಆಕ್ಸೈಡ್.

ನಮ್ಮ ಶೆಟ್ರು ಚೆಂಬೂರಿನಲ್ಲಿ ನಲವತ್ತು ವರ್ಷ ಹೋಟೆಲ್ ನಡೆಸಿದವರು. ಗಲ್ಲಾದ ಮೇಲೆ ಕೂತವರಿಗೆ ಒಳಗೆ ಎಷ್ಟು ದೋಸೆಹಿಟ್ಟು ಉಳಿದಿದೆ ಅಂತ ಕಾಣುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಎದ್ದುಹೋಗಿ ನೋಡುವುದಕ್ಕೂ ಆಗುವುದಿಲ್ಲ. ಅವರು ನೋಡುತ್ತಿದ್ದದ್ದು ಎಂಜಲು ಪ್ಲೇಟಿನ ಟಬ್. ಟಬ್ ಬೇಗ ತುಂಬುತ್ತಿದ್ದರೆ ವ್ಯಾಪಾರ ಜೋರು, ಹಿಟ್ಟು ಇಳಿಯುತ್ತಿದೆ, ಒಳಗೆ ಕೂಗು ಹಾಕಬೇಕು. ಎಂಜಲು ಎಣಿಸಿದರೆ ಹಿಟ್ಟಿನ ಲೆಕ್ಕ ಸಿಕ್ಕಂತೆಯೇ.

ದೇಹವೂ ಇದೇ ಲೆಕ್ಕ ಹಾಕುತ್ತದೆ. ಆಕ್ಸಿಜನ್ ಬಳಸಿದಷ್ಟೂ ಕಾರ್ಬನ್ ಡೈಆಕ್ಸೈಡ್ ಎಂಬ ಎಂಜಲು ಹುಟ್ಟುತ್ತದೆ. ನಾವು ಒಳಗೆಳೆಯುವ ಗಾಳಿಯಲ್ಲಿ ಅದು ಶೇಕಡಾ 0.04, ಬಿಡುವ ಗಾಳಿಯಲ್ಲಿ ಶೇಕಡಾ 4ರ ಆಸುಪಾಸು. ಈ ಎಂಜಲಿನ ಮೇಲೆ ಕಣ್ಣಿಟ್ಟಿರುವವರು ಮೆದುಳಿನ ಕೆಳತುದಿಯಲ್ಲಿರುವ ಮೆಡುಲ್ಲಾದ ಕೋಶಗಳು. ಇವನ್ನು ಕೇಂದ್ರ ಕೀಮೋರಿಸೆಪ್ಟರ್ ಅನ್ನುತ್ತಾರೆ. ಮೆಡುಲ್ಲಾ ಅಂದರೆ ಮೆದುಳು ಬೆನ್ನುಹುರಿಗೆ ಸೇರುವ ಜಾಗ.

ಅವುಗಳ ಕೆಲಸದಲ್ಲಿ ಒಂದು ಚಂದದ ತಂತ್ರ ಇದೆ. ರಕ್ತದಲ್ಲಿರುವ ಎಲ್ಲವೂ ಮೆದುಳಿನೊಳಗೆ ನುಗ್ಗದಂತೆ ಒಂದು ತಡೆಗೋಡೆ ಇರುತ್ತದೆ. ಆಮ್ಲದ ಕಣಗಳಿಗೆ ಅಲ್ಲಿ ಸುಲಭಕ್ಕೆ ಪ್ರವೇಶವಿಲ್ಲ. ಕಾರ್ಬನ್ ಡೈಆಕ್ಸೈಡ್ ಮಾತ್ರ ಸಲೀಸಾಗಿ ಗೋಡೆ ದಾಟುತ್ತದೆ. ಆಚೆ ಬದಿಯ ನೀರಿನಲ್ಲಿ ಕರಗಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಸೋಡಾ ಬಾಟಲಿಯಲ್ಲಿ ಇರುವುದೂ ಇದೇ ಆಮ್ಲ. ರಕ್ತದಲ್ಲಾದರೆ ಹುಳಿಯನ್ನು ಹೀರಿಕೊಳ್ಳಲು ಬೇಕಾದಷ್ಟು ಪ್ರೋಟೀನ್ ಇದೆ. ಮೆದುಳಿನ ಸುತ್ತಲ ದ್ರವದಲ್ಲಿ ಅದು ಬಹಳ ಕಡಿಮೆ. ಹಾಗಾಗಿ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬಂದರೂ ಅಲ್ಲಿ ಹುಳಿ ತಟ್ಟನೆ ಏರುತ್ತದೆ. ಕೋಶಗಳು ಗ್ರಹಿಸುವುದು ಈ ಹುಳಿಯನ್ನು.

ಎಷ್ಟು ಸೂಕ್ಷ್ಮ ಅಂದರೆ, ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡಿನ ಒತ್ತಡ ಸಾಮಾನ್ಯವಾಗಿ 40 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಅದು ಒಂದೇ ಒಂದು ಮಿಲಿಮೀಟರ್ ಏರಿದರೆ ನಿಮಿಷಕ್ಕೆ ಎರಡು ಲೀಟರಿನಷ್ಟು ಗಾಳಿ ಜಾಸ್ತಿ ಎಳೆಯುತ್ತೇವೆ. ಸುಮ್ನೆ ಕೂತಾಗ ನಾವು ಎಳೆಯುವುದೇ ನಿಮಿಷಕ್ಕೆ ಆರು ಲೀಟರ್. ಅಂದರೆ 40 ಇದ್ದದ್ದು 43 ಆದರೆ ಉಸಿರಾಟ ದುಪ್ಪಟ್ಟು! ಡೊಂಬಿವಲಿ ಸ್ಟೇಷನ್ನಿನ ಬ್ರಿಡ್ಜ್ ಓಡಿ ಹತ್ತಿದವರಿಗೆ ಏದುಸಿರು ಎಷ್ಟು ಬೇಗ ಬರುತ್ತದೆ ನೋಡಿ. ಆದರೂ ರಕ್ತದ ಪಿಎಚ್, ಅಂದರೆ ಹುಳಿಯ ಅಳತೆ, 7.35ರಿಂದ 7.45ರ ಒಳಗೇ ನಿಲ್ಲುತ್ತದೆ.

ಕುತ್ತಿಗೆಯಲ್ಲಿ ಎರಡು ಅಕ್ಕಿಕಾಳು

ಹಾಗಾದರೆ ಆಕ್ಸಿಜನ್ ಅನ್ನು ನೇರವಾಗಿ ನೋಡುವವರು ಯಾರೂ ಇಲ್ಲವೇ? ಇದ್ದಾರೆ. ದವಡೆಯ ಕೆಳಗೆ ಕುತ್ತಿಗೆಯ ಪಕ್ಕದಲ್ಲಿ ನಾಡಿ ಸಿಗುತ್ತದೆ. ಅದು ಮೆದುಳಿಗೆ ರಕ್ತ ಒಯ್ಯುವ ಕ್ಯಾರಟಿಡ್ ರಕ್ತನಾಳ. ಅದು ಎರಡಾಗಿ ಕವಲೊಡೆಯುವ ಕಡೆ, ಅಕ್ಕಿಕಾಳಿನಷ್ಟು ದೊಡ್ಡ ಒಂದು ಗಂಟು ಇದೆ. ಎಡಕ್ಕೊಂದು, ಬಲಕ್ಕೊಂದು. ಹೆಸರು ಕ್ಯಾರಟಿಡ್ ಬಾಡಿ. ಇಂಥವೇ ಕೆಲವು ಹೃದಯದ ಮೇಲಿನ ಮಹಾಧಮನಿಯ ಬಳಿಯೂ ಇವೆ.

ಜಾಗದ ಆಯ್ಕೆ ನೋಡಿ. ಸೊಸೈಟಿಯ ವಾಚ್‌ಮನ್ ಗೇಟಿನಲ್ಲಿ ಕೂರುತ್ತಾನೆ, ಟೆರೇಸಿನಲ್ಲಿ ಅಲ್ಲ. ಮೆದುಳಿಗೆ ಹೋಗುವ ರಕ್ತ ಗೇಟು ದಾಟುವ ಮೊದಲೇ ಇಲ್ಲಿ ತಪಾಸಣೆ ಆಗುತ್ತದೆ. ಗಾತ್ರ ಸಣ್ಣದಾದರೂ, ತೂಕಕ್ಕೆ ಹೋಲಿಸಿದರೆ ಇಷ್ಟು ರಕ್ತ ಹರಿಯುವ ಅಂಗ ದೇಹದಲ್ಲಿ ಬೇರೆ ಸಿಗುವುದು ಕಷ್ಟ.

ಇದು ರಕ್ತದ ರಾಸಾಯನಿಕ ಬದಲಾವಣೆ ಗ್ರಹಿಸುವ ಅಂಗ ಇರಬೇಕು ಎಂದು ಸ್ಪೇನಿನ ಫರ್ನಾಂಡೊ ಡಿ ಕ್ಯಾಸ್ಟ್ರೊ 1920ರ ದಶಕದಲ್ಲಿ ಸೂಕ್ಷ್ಮದರ್ಶಕದಲ್ಲಿ ಅದರ ನರಗಳನ್ನು ನೋಡಿಯೇ ಊಹಿಸಿದ್ದರು. ಪ್ರಯೋಗ ಮಾಡಿ ತೋರಿಸಿದವರು ಬೆಲ್ಜಿಯಮ್ಮಿನ ಕಾರ್ನೀಲ್ ಹೇಮಾನ್ಸ್. 1938ರ ನೊಬೆಲ್ ಅವರಿಗೆ ಹೋಯಿತು. ಸ್ಪೇನಿನವರಿಗೆ ಏನೂ ಸಿಗಲಿಲ್ಲ. ನನಗೆ ಇದು ಸ್ವಲ್ಪ ಅನ್ಯಾಯ ಅನ್ನಿಸುತ್ತದೆ, ಇರಲಿ.

ಆಕ್ಸಿಜನ್ ಇಳಿದಾಗ ಈ ಅಕ್ಕಿಕಾಳಿನ ಕೋಶಗಳಲ್ಲಿ ಪೊಟ್ಯಾಸಿಯಂ ಹೊರಗೆ ಹೋಗುವ ಬಾಗಿಲುಗಳು ಮುಚ್ಚುತ್ತವೆ. ಅದರಿಂದ ಕೋಶದ ವಿದ್ಯುತ್ ಸ್ಥಿತಿ ಬದಲಾಗುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕೋಶ ಪಕ್ಕದ ನರಕ್ಕೆ ಸಂದೇಶದ ರಾಸಾಯನಿಕ ಸುರಿಯುತ್ತದೆ. ನರ ಮೆಡುಲ್ಲಾಕ್ಕೆ ಸುದ್ದಿ ಒಯ್ಯುತ್ತದೆ: ಉಸಿರು ಜೋರು ಮಾಡು.

ಒಂದೇ ತೊಂದರೆ. ಈ ವಾಚ್‌ಮನ್ ಸುಲಭಕ್ಕೆ ಏಳುವವನಲ್ಲ. ಅಪಧಮನಿಯ ರಕ್ತದಲ್ಲಿ ಆಕ್ಸಿಜನ್ ಒತ್ತಡ ಸಾಮಾನ್ಯವಾಗಿ 95 ಮಿಲಿಮೀಟರ್ ಪಾದರಸದ ಆಸುಪಾಸು. ಅದು 60ರ ಹತ್ತಿರ ಇಳಿಯುವ ತನಕ ಅವನ ಕೂಗು ಜೋರಾಗುವುದಿಲ್ಲ. ಆಕ್ಸಿಮೀಟರಿನ ಭಾಷೆಯಲ್ಲಿ ಅದು ಸುಮಾರು 90. ಕಾರ್ಬನ್ ಡೈಆಕ್ಸೈಡಿಗೆ ಒಂದು ಮಿಲಿಮೀಟರ್ ಸಾಕು, ಆಕ್ಸಿಜನ್‌ಗೆ ಮೂವತ್ತೈದು ಬೇಕು!

ಲೇಹ್‌ನಲ್ಲಿ ಇಬ್ಬರ ಜಗಳ

ಈಗ ಶೆಟ್ರ ಕಥೆಗೆ ಬರೋಣ. ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ನಮ್ಮ ಟ್ರೆಕ್ಕಿಂಗ್ ಹುಡುಗರು ಹೆಮ್ಮೆಯಿಂದ ಹತ್ತಿ ಬರುವ ಕಳಸೂಬಾಯಿ ಮಹಾರಾಷ್ಟ್ರದಲ್ಲೇ ಎತ್ತರದ ಶಿಖರ. ಅದು 1,646 ಮೀಟರ್. ಅದರ ಎರಡು ಪಟ್ಟಿಗಿಂತ ಮೇಲೆ ಲೇಹ್. ಅಲ್ಲಿಯ ಗಾಳಿಯಲ್ಲೂ ಆಕ್ಸಿಜನ್ ಪಾಲು ಶೇಕಡಾ 21ರಷ್ಟೇ. ಆದರೆ ಗಾಳಿಯ ಒತ್ತಡವೇ ಸಮುದ್ರಮಟ್ಟದ ಮೂರನೇ ಎರಡು ಭಾಗ. ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಅಷ್ಟೇ ಕಡಿಮೆ.

ಕುತ್ತಿಗೆಯ ವಾಚ್‌ಮನ್ ಎದ್ದು ಕೂಗುತ್ತಾನೆ. ಉಸಿರು ಗೊತ್ತಾಗದಂತೆ ಜೋರಾಗುತ್ತದೆ. ಜೋರಾದ ಉಸಿರಿಗೆ ಕಾರ್ಬನ್ ಡೈಆಕ್ಸೈಡ್ ತೊಳೆದುಹೋಗುತ್ತದೆ. ಅದು ಆಕ್ಸಿಜನ್‌ಗಿಂತ ಸುಲಭವಾಗಿ ಶ್ವಾಸಕೋಶ ದಾಟುವ ಅನಿಲ. ಆಗ ಮೆಡುಲ್ಲಾದಲ್ಲಿ ಕೂತ ಯಜಮಾನರು ಏನು ನೋಡುತ್ತಾರೆ? ಎಂಜಲು ಪ್ಲೇಟಿನ ಟಬ್ ಖಾಲಿ. "ಏನೂ ಗಡಿಬಿಡಿ ಇಲ್ಲ, ನಿಧಾನ ಮಾಡಿ" ಅನ್ನುತ್ತಾರೆ. ಒಳಗೆ ಹಿಟ್ಟು ಮುಗಿಯುತ್ತಾ ಬಂದಿರುವುದು ಅವರಿಗೆ ಕಾಣುವುದಿಲ್ಲ.

ಉಸಿರು ಕಟ್ಟುವ ಸಂಕಟ ಹುಟ್ಟಿಸುವುದು ಹೆಚ್ಚಾಗಿ ಆ ಟಬ್. ಅದು ಖಾಲಿ ಇದ್ದರೆ ಸಂಕಟವೂ ಇಲ್ಲ. 86 ಇದ್ದರೂ ಶೆಟ್ರಿಗೆ ಆರಾಮ ಅನ್ನಿಸಿದ್ದು ಹೀಗೆ. 2020 ಮತ್ತು 21ರಲ್ಲಿ ಕೊರೋನಾ ರೋಗಿಗಳು ಆಕ್ಸಿಜನ್ ತೀರಾ ಇಳಿದರೂ ಫೋನಿನಲ್ಲಿ ಮಾತಾಡುತ್ತಾ ಕೂತಿರುತ್ತಿದ್ದರು. ಅದರ ಹಿಂದಿನ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಮನೆಮನೆಗೆ ಆಕ್ಸಿಮೀಟರ್ ಬಂದದ್ದೂ ಅದಕ್ಕೇ. ಅಂದಹಾಗೆ ವಾಚ್‌ಮನ್ ಎಷ್ಟು ಜೋರಾಗಿ ಕೂಗುತ್ತಾನೆ ಅನ್ನುವುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಸಂಕಟ ಆಗದಿದ್ದರೆ ಅದು ಗಟ್ಟಿತನ ಅಲ್ಲ. ಶೆಟ್ರಿಗೆ ಇದನ್ನು ಎರಡು ಸಲ ಹೇಳಬೇಕಾಯಿತು.

ರಾತ್ರಿಯ ಕಥೆಯೂ ಇದೇ ಜಗಳ. ನಿದ್ದೆಯಲ್ಲಿ ಉಸಿರಾಟ ಬಹುಮಟ್ಟಿಗೆ ಈ ರಿಸೆಪ್ಟರ್‌ಗಳ ಕೈಯಲ್ಲಿ. ಕಾರ್ಬನ್ ಡೈಆಕ್ಸೈಡ್ ಒಂದು ಮಟ್ಟಕ್ಕಿಂತ ಇಳಿದರೆ ಮೆಡುಲ್ಲಾ ಉಸಿರನ್ನೇ ನಿಲ್ಲಿಸುತ್ತದೆ. ಕೆಲವು ಸೆಕೆಂಡ್ ಉಸಿರಿಲ್ಲ. ಅಷ್ಟರಲ್ಲಿ ಆಕ್ಸಿಜನ್ ಇನ್ನೂ ಇಳಿಯುತ್ತದೆ, ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಇಬ್ಬರೂ ಒಟ್ಟಿಗೆ ಕೂಗುತ್ತಾರೆ. ನಾಲ್ಕು ದೊಡ್ಡ ಉಸಿರು. ಮತ್ತೆ ಕಾರ್ಬನ್ ಡೈಆಕ್ಸೈಡ್ ತೊಳೆದುಹೋಯಿತು, ಮತ್ತೆ ಮೌನ. ಎತ್ತರದ ಜಾಗಗಳಲ್ಲಿ ಇದು ಬಹಳ ಸಾಮಾನ್ಯ. ನೋಡುವವರಿಗೆ ಮಾತ್ರ ಜೀವ ಹೋದಂತಾಗುತ್ತದೆ.

ಜಗಳ ಬಿಡಿಸುವುದು ಕಿಡ್ನಿ. ಎರಡು ಮೂರು ದಿನಗಳಲ್ಲಿ ಅದು ಹುಳಿಯನ್ನು ತಗ್ಗಿಸುವ ಬೈಕಾರ್ಬೊನೇಟ್ ಅನ್ನು ಮೂತ್ರದಲ್ಲಿ ಹೊರಹಾಕಿ ರಕ್ತಕ್ಕೆ ಹುಳಿಯನ್ನು ವಾಪಸ್ ತರುತ್ತದೆ. ಆಗ ಮೆಡುಲ್ಲಾ ಅಡ್ಡಗಾಲು ಹಾಕುವುದನ್ನು ಬಿಡುತ್ತದೆ. ಡಾಕ್ಟರು ಬರೆದುಕೊಡುವ ಡಯಾಮಾಕ್ಸ್ ಮಾತ್ರೆ ಮಾಡುವುದೂ ಇದನ್ನೇ, ಸ್ವಲ್ಪ ಬೇಗ. ಅದನ್ನು ತಿಂದವರು ಪದೇ ಪದೇ ಮೂತ್ರಕ್ಕೆ ಹೋಗುವುದು ಅದಕ್ಕೇ. ಇದು ಎಲ್ಲರಿಗೂ ಒಗ್ಗುವ ಮಾತ್ರೆಯಲ್ಲ, ಕೇಳದೆ ತಿನ್ನಬೇಡಿ. ಕಿಡ್ನಿಯಲ್ಲಿ ಆಕ್ಸಿಜನ್ ಕೊರತೆ ಗುರುತಿಸುವ ಕೋಶಗಳೂ ಇವೆ. ಅವು ಎರಿತ್ರೋಪೊಯೆಟಿನ್ ಎಂಬ ಹಾರ್ಮೋನ್ ಬಿಡುತ್ತವೆ. ಮೂಳೆಯ ಮಜ್ಜೆ ಹೆಚ್ಚು ಕೆಂಪು ರಕ್ತಕಣ ಮಾಡುತ್ತದೆ. ಇದಕ್ಕೆ ವಾರಗಳು ಬೇಕು, ಒಂದು ವಾರದ ಟೂರಿಗೆ ಅದರ ಲಾಭ ಅಷ್ಟಕ್ಕಷ್ಟೆ. ಕೋಶಗಳು ಆಕ್ಸಿಜನ್ ಕೊರತೆಯನ್ನು ತಿಳಿಯುವ ಈ ದಾರಿಗೆ 2019ರಲ್ಲಿ ಮೂವರಿಗೆ ನೊಬೆಲ್ ಬಂತು.

ವಿಮಾನದಲ್ಲಿ ಇಳಿದವರು ಮೊದಲ ಎರಡು ದಿನ ಸುಮ್ನೆ ರೂಮಿನಲ್ಲಿ ಇರಬೇಕು ಅನ್ನುವುದರ ಕಾರಣ ಈಗ ಗೊತ್ತಾಯಿತಲ್ಲ. ಜೋರು ತಲೆನೋವು ಜತೆಗೆ ವಾಂತಿ, ನಡೆಯುವಾಗ ತೂರಾಟ, ಕೂತಲ್ಲೂ ಏದುಸಿರು, ಇವು ಕಂಡರೆ ಮಾತ್ರ ಅಂಕಿ ನೋಡುತ್ತಾ ಕೂರುವಂತಿಲ್ಲ. ಡಾಕ್ಟರ ಬಳಿ ಹೋಗಬೇಕು, ಕೆಳಗಿಳಿಯಬೇಕು.

ವಾಚ್‌ಮನ್‌ಗೆ ಕಾಣದ ಕಳ್ಳ

ಲೇಹ್‌ಗೆ ಎಲ್ಲರೂ ಹೋಗುವುದಿಲ್ಲ. ಗ್ಯಾಸ್ ಗೀಸರ್ ಮಾತ್ರ ನಮ್ಮ ಎಷ್ಟೋ ಮನೆಗಳ ಬಾತ್‌ರೂಮಿನಲ್ಲಿದೆ. ಕಿಟಕಿ ಮುಚ್ಚಿದ ಚಿಕ್ಕ ಬಾತ್‌ರೂಮಿನಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಬಿದ್ದಿರುತ್ತಾರೆ. ಯಾಕೆ ಅವರಿಗೆ ಉಸಿರು ಕಟ್ಟಿ ಹೊರಗೆ ಓಡಬೇಕು ಅನ್ನಿಸುವುದಿಲ್ಲ?

ರಕ್ತದ ಆಕ್ಸಿಜನ್‌ನಲ್ಲಿ ಶೇಕಡಾ 98ರಷ್ಟು ಹೀಮೋಗ್ಲೋಬಿನ್‌ಗೆ ಅಂಟಿಕೊಂಡು ಹೋಗುತ್ತದೆ. ಉಳಿದ ಚೂರು ರಕ್ತದ ನೀರಿನಲ್ಲಿ ಕರಗಿರುತ್ತದೆ. ಹೀಮೋಗ್ಲೋಬಿನ್ ಅಂದರೆ ಲೋಕಲ್ ಗಾಡಿ ಅಂದುಕೊಳ್ಳಿ. ಕರಗಿರುವ ಆಕ್ಸಿಜನ್ ಅಂದರೆ ಪ್ಲಾಟ್‌ಫಾರ್ಮಿನಲ್ಲಿ ನಿಂತ ಜನ. ಕ್ಯಾರಟಿಡ್ ಬಾಡಿ ಎಣಿಸುವುದು ಪ್ಲಾಟ್‌ಫಾರ್ಮಿನ ಜನರನ್ನು. ಗಾಡಿಯೊಳಗೆ ಅದು ಇಣುಕುವುದಿಲ್ಲ.

ಕಾರ್ಬನ್ ಮಾನಾಕ್ಸೈಡ್ ಗಾಡಿಯ ಸೀಟುಗಳನ್ನು ಹಿಡಿಯುತ್ತದೆ. ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ. ಡೊಂಬಿವಲಿಯಲ್ಲೂ ಏಳುವುದಿಲ್ಲ, ಕರ್ಜತ್‌ನಲ್ಲೂ ಏಳುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಜನ ಎಂದಿನಷ್ಟೇ ಇರುತ್ತಾರೆ. ವಾಚ್‌ಮನ್ ಸುಮ್ಮನಿರುತ್ತಾನೆ. ಕಾರ್ಬನ್ ಡೈಆಕ್ಸೈಡ್ ಕೂಡ ಮಾಮೂಲಿನಂತೆ ಹೊರಹೋಗುತ್ತಿರುವುದರಿಂದ ಮೆಡುಲ್ಲಾ ಕೂಡ ಸುಮ್ಮನೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು, ಅಷ್ಟೇ. ಆಕ್ಸಿಮೀಟರ್ ಕೂಡ ಇಲ್ಲಿ ಕೈಕೊಡುತ್ತದೆ. ಸಾಮಾನ್ಯ ಆಕ್ಸಿಮೀಟರಿನ ಎರಡು ಬೆಳಕುಗಳಿಗೆ ಸೀಟಿನಲ್ಲಿ ಕೂತವರು ಯಾರು ಅಂತ ಭೇದ ತಿಳಿಯದು. 98 ಅಂತಲೇ ತೋರಿಸಬಹುದು. ಗೀಸರನ್ನು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ ಅನ್ನುವುದಕ್ಕೆ ಇಷ್ಟೇ ಕಾರಣ.

ಸೆಪ್ಟಿಕ್ ಟ್ಯಾಂಕ್ ಮತ್ತು ಮ್ಯಾನ್‌ಹೋಲ್‌ಗಳಲ್ಲಿ ಮೋಸ ಎರಡು ಕಡೆಯಿಂದ. ಅಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆ. ಪ್ರಮಾಣ ಹೆಚ್ಚಾದರೆ ಅದು ಮೂಗಿನ ಗ್ರಹಿಕೆಯನ್ನೇ ಸತ್ತಂತೆ ಮಾಡುತ್ತದೆ. ವಾಸನೆ ಹೋಯಿತು, ಗ್ಯಾಸ್ ಹೋಯಿತು ಅಂದುಕೊಂಡು ಇಳಿಯುತ್ತಾರೆ. ಜತೆಗೆ ಒಳಗೆ ಆಕ್ಸಿಜನ್ ತೀರಾ ಕಡಿಮೆ ಇದ್ದರೂ ಕಾರ್ಬನ್ ಡೈಆಕ್ಸೈಡನ್ನು ಉಸಿರಿನಲ್ಲಿ ಹೊರಬಿಡುತ್ತಲೇ ಇರುತ್ತಾರೆ. ಸಂಕಟ ಏಳುವ ಮೊದಲೇ ಪ್ರಜ್ಞೆ ಹೋಗುತ್ತದೆ. ಎತ್ತಲು ಇಳಿದ ಎರಡನೆಯವನೂ ಬೀಳುತ್ತಾನೆ, ಮೂರನೆಯವನೂ. ಮನುಷ್ಯರನ್ನು ರಕ್ಷಣೆಯಿಲ್ಲದೆ ಇಂಥ ಕಡೆ ಇಳಿಸುವುದಕ್ಕೆ 2013ರ ಕಾನೂನು ನಿಷೇಧ ಹಾಕಿದೆ. ಸೊಸೈಟಿ ಕಮಿಟಿಯವರು ಇದನ್ನು ಓದಿದರೆ ಒಳ್ಳೆಯದು.

ಈಜುಕೊಳದಲ್ಲಿ ಹುಡುಗರು ಪಂದ್ಯ ಕಟ್ಟಿ, ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡಿ ಮುಳುಗುವುದೂ ಇದೇ ಬಗೆ. ಹಾಗೆ ಉಸಿರಾಡಿದರೆ ಆಕ್ಸಿಜನ್ ಏನೂ ಹೆಚ್ಚಾಗದು. ಕಾರ್ಬನ್ ಡೈಆಕ್ಸೈಡ್ ಮಾತ್ರ ಇಳಿಯುತ್ತದೆ. ಮೇಲೆ ಬಾ ಅನ್ನುವ ಕೂಗು ತಡವಾಗುತ್ತದೆ, ಅಷ್ಟರಲ್ಲಿ ನೀರಿನಡಿಯಲ್ಲೇ ಎಚ್ಚರ ತಪ್ಪುತ್ತದೆ.

ಇನ್ನು ವರ್ಷಗಟ್ಟಲೆ ಬೀಡಿ ಸೇದಿಯೋ ಒಲೆಯ ಹೊಗೆ ಕುಡಿದೋ ಶ್ವಾಸಕೋಶ ಕೆಟ್ಟವರು. ಅವರಲ್ಲಿ ಕೆಲವರ ಮೆಡುಲ್ಲಾ ಜಾಸ್ತಿ ಕಾರ್ಬನ್ ಡೈಆಕ್ಸೈಡಿಗೆ ಒಗ್ಗಿಹೋಗಿರುತ್ತದೆ, ಮಾಹಿಮ್ ಖಾಡಿಯ ಪಕ್ಕದ ಮನೆಯವರ ಮೂಗಿನಂತೆ. ಅಂಥವರಿಗೆ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಡುವಾಗ 88ರಿಂದ 92ರೊಳಗೆ ನಿಲ್ಲಿಸುತ್ತಾರೆ. "98 ಮಾಡಿ ಡಾಕ್ಟ್ರೇ" ಅಂತ ಮನೆಯವರು ಒತ್ತಾಯ ಮಾಡುವುದನ್ನು ನಾನೇ ನೋಡಿದ್ದೇನೆ. ಹೆಚ್ಚು ಕೊಟ್ಟರೆ ಅವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಅಪಾಯದ ಮಟ್ಟಕ್ಕೆ ಏರಬಹುದು.

ಉಸಿರಲ್ಲದೆ ಇನ್ನೇನು?

ರಕ್ತದ ಉಪ್ಪು ಶೇಕಡಾ ಒಂದೆರಡರಷ್ಟು ಗಟ್ಟಿಯಾದರೂ ಸಾಕು, ಮೆದುಳಿನ ಹೈಪೊಥಲಾಮಸ್ ಬಳಿಯ ಕೋಶಗಳು ಬಾಯಾರಿಕೆ ಹುಟ್ಟಿಸುತ್ತವೆ. ಸಕ್ಕರೆ ಏರಿದ್ದನ್ನು ಮೇದೋಜೀರಕದ ಬೀಟಾ ಕೋಶಗಳು ಗ್ರಹಿಸಿ ಇನ್ಸುಲಿನ್ ಬಿಡುತ್ತವೆ. ಮೆಡುಲ್ಲಾದಲ್ಲೇ ಇನ್ನೊಂದು ಚಿಕ್ಕ ಜಾಗ ಇದೆ. ಆಗ ಹೇಳಿದ ತಡೆಗೋಡೆ ಅಲ್ಲಿ ಬೇಕಂತಲೇ ಸಡಿಲ. ರಕ್ತದಲ್ಲಿ ವಿಷದ ವಸ್ತು ಕಂಡರೆ ಅದು ವಾಂತಿ ಮಾಡಿಸುತ್ತದೆ. ಕೀಮೋಥೆರಪಿ ತೆಗೆದುಕೊಂಡವರ ವಾಂತಿಯಲ್ಲೂ ಅದರ ಪಾಲಿದೆ.

ಶೆಟ್ರು ಎರಡು ದಿನ ಹಟ ಮಾಡದೆ ರೂಮಿನಲ್ಲೇ ಇದ್ದರು. ಮೂರನೇ ದಿನ 91. ಅವರ ಹೆಂಡತಿಗೂ ನಿದ್ದೆ ಬಂತಂತೆ. ಐದನೇ ದಿನ ಎಲ್ಲರೂ ಖಾರ್ದುಂಗ್ ಲಾ ಹತ್ತಿದರು, 5,359 ಮೀಟರ್. ಅಲ್ಲಿಂದ ಇನ್ನೊಂದು ಫೋಟೋ ಬಂತು. ಬೆರಳು, ಆಕ್ಸಿಮೀಟರ್, 78. ಮುಖದಲ್ಲಿ ಅದೇ ನಗು. ಕೆಳಗೆ ಈ ಸಲ "ಆರಾಮ" ಅಂತ ಇರಲಿಲ್ಲ. "ಆರಾಮ ಇದೆ, ಆದ್ರೂ ಇಳೀತಾ ಇದ್ದೇವೆ" ಅಂತ ಇತ್ತು.